ಬಣ್ಣಕ್ಕೆ ಒಂದು ಲಕ್ಷ, ಬೋಲ್ಟಿಗೆ ಐನೂರು

ನಮ್ಮ ಈ ಪತ್ರಿಕೆಯನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ, ಯಾರೂ ಬೇಸರ ಮಾಡಿಕೊಳ್ಳಬೇಡಿ. ಊರು ಬಿಟ್ಟು ಬಂದ ನಾವು ಬರೆಯುವ ಪ್ರಬಂಧಗಳಲ್ಲಿ ಅಪ್ಪನ ಕಾರು, ಅಜ್ಜನ ಸೈಕಲ್ಲು, ಮಾವನ ಯೆಜ್ಡಿ ಬೈಕು ಇವು ಮೂರೂ ತಪ್ಪದೆ ಬರುತ್ತವೆ. ಸೀಟಿನ ರೆಕ್ಸಿನ್ ವಾಸನೆ ಬರುತ್ತದೆ. ಡ್ಯಾಶ್‌ಬೋರ್ಡಿನ ಮೇಲಿನ ಪುಟ್ಟ ಗಣಪತಿ ಬರುತ್ತಾನೆ. ಜಾತ್ರೆಗೆ ಹೋಗುವಾಗ ಹಿಂದಿನ ಸೀಟಿನಲ್ಲಿ ಏಳು ಜನ ಕೂತಿದ್ದು ಬರುತ್ತದೆ. ಬಾರದೇ ಇರುವುದು ಒಂದೇ: ಆ ಕಾರಿನ ಅಡಿ. ಅಲ್ಲಿ ತುಕ್ಕು ಹಿಡಿದು ಅಲುಗಾಡದೆ ಕೂತ ಬೋಲ್ಟು, ಅದನ್ನು ಬಿಡಿಸಲು ಎರಡು ದಿನ ಅಂಗಾತ ಮಲಗಿದ ಮನುಷ್ಯ, ಅವನಿಗೆ ನಾವು ಕೊಟ್ಟ ಕೂಲಿ. ಇವು ಮೂರೂ ನಮ್ಮ ಸಾಹಿತ್ಯದಲ್ಲಿಲ್ಲ.

ಇಂಥದೊಂದು ಪ್ರಬಂಧವನ್ನು ನಾನೂ ಬರೆದಿದ್ದೇನೆ. ಓದಿದವರು ಕಣ್ಣು ಒದ್ದೆಯಾಯಿತು ಅಂದರು. ನಾನು ಅದನ್ನು ಬರೆಯುತ್ತಿದ್ದಾಗ ಆ ಕಾರು ದಾವಣಗೆರೆಯಲ್ಲಿ, ನಮ್ಮ ಮನೆಯ ಹಿತ್ತಿಲ ಶೆಡ್ಡಿನಲ್ಲಿ, ನಾಲ್ಕು ಇಟ್ಟಿಗೆಯ ಮೇಲೆ ನಿಂತಿತ್ತು. ಕೋಳಿ ಒಳಗೆ ಮೊಟ್ಟೆ ಇಡುತ್ತಿತ್ತು. ಅದನ್ನು ಪ್ರಬಂಧದಲ್ಲಿ ಬರೆಯಲಿಲ್ಲ.

ಕಾರು 1967ರ ಸ್ಟ್ಯಾಂಡರ್ಡ್ ಹೆರಾಲ್ಡ್, ಎರಡು ಬಾಗಿಲಿನದು. ಅಪ್ಪ 1979ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಈಗಿನವರಿಗೆ ಅಂಬಾಸಿಡರ್ ಗೊತ್ತು, ಪದ್ಮಿನಿ ಗೊತ್ತು, ಈ ಮೂರನೆಯದು ಗೊತ್ತಿಲ್ಲ. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್ ಎಂಬ ಗಾಡಿ, 1959ರಲ್ಲಿ ಅಲ್ಲಿ ಬಂದದ್ದು, ಅದರ ಆಕಾರ ಬರೆದವನು ಇಟಲಿಯ ಮಿಕೆಲೊಟ್ಟಿ. 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್‌ನವರು ಇಲ್ಲಿ ಕಟ್ಟತೊಡಗಿದರು, ವಂಡಲೂರಿನ ಕಾರ್ಖಾನೆಯಲ್ಲಿ. 948 ಸಿಸಿ ಎಂಜಿನ್ನು. ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಇಡಿಯಾಗಿ ಮುಂದಕ್ಕೆ ಬಾಗುತ್ತದೆ, ಆಮೇಲೆ ಮುಂದಿನ ಟೈರಿನ ಮೇಲೆ ಕೂತುಕೊಂಡೇ ಎಂಜಿನ್ ಕೆಲಸ ಮಾಡಬಹುದು. 25 ಅಡಿ ಜಾಗ ಸಿಕ್ಕರೆ ಪೂರ್ತಿ ತಿರುಗುತ್ತದೆ. ಮಂಡಿಪೇಟೆಯ ಗಲ್ಲಿಯಲ್ಲಿ ಅಪ್ಪ ಒಂದೇ ಸಲಕ್ಕೆ ತಿರುಗಿಸಿದಾಗ ಅಂಬಾಸಿಡರಿನವರು ನೋಡುತ್ತ ನಿಲ್ಲುತ್ತಿದ್ದರು. (ನೋಡಿ, ನಾನೂ ಶುರು ಮಾಡಿದೆ. ಇಲ್ಲಿಗೆ ನಿಲ್ಲಿಸುತ್ತೇನೆ.)

ಎರಡು ವರ್ಷದ ಹಿಂದೆ ಅದನ್ನು ಲಾರಿಯ ಮೇಲೆ ಹೈದರಾಬಾದಿಗೆ ತರಿಸಿದೆ. ನಾನಿರುವುದು ನಾರಾಯಣಗೂಡದಲ್ಲಿ. ದಿನವೂ ಮೆಟ್ರೊ ಹತ್ತಿ, ಪರೇಡ್ ಗ್ರೌಂಡಿನಲ್ಲಿ ಲೈನು ಬದಲಿಸಿ, ಹೈಟೆಕ್ ಸಿಟಿಗೆ ಹೋಗಿ ಬರುವ ಜೀವ. ಮೊದಲು ಮಾಡಿದ ಕೆಲಸವೆಂದರೆ ಕಾರಿಗೆ ಬಣ್ಣ ಹೊಡೆಸಿದ್ದು. ಊರಾಚೆಯ ಒಂದು ದೊಡ್ಡ ಗ್ಯಾರೇಜಿನಲ್ಲಿ, ಗಾಜಿನ ಕೋಣೆ, ಕಾಫಿ ಮೆಷಿನ್ನು ಎಲ್ಲ ಇದ್ದಲ್ಲಿ, ಡೆಂಟಿಂಗು ಪೇಂಟಿಂಗಿಗೆ ಒಂದು ಲಕ್ಷದ ಹತ್ತು ಸಾವಿರ ಕೊಟ್ಟೆ. ಚೌಕಾಸಿ ಮಾಡಲಿಲ್ಲ. ಬಣ್ಣದ ಕಾರ್ಡು ಹಿಡಿದು ಅಪ್ಪನ ಕಾರಿನ ಆ ತಿಳಿನೀಲಿಗೆ ಹತ್ತಿರದ್ದು ಯಾವುದು ಎಂದು ಮೂರು ಶನಿವಾರ ಹುಡುಕಿದೆ. 'ಸಸ್ಪೆನ್ಷನ್ ಕೂಡ ನೋಡಿದ್ದೇವೆ, ಗ್ರೀಸ್ ಹೊಡೆದಿದ್ದೇವೆ' ಎಂದು ಬಿಲ್ಲಿನಲ್ಲಿ ಬರೆದಿದ್ದರು. ಆ ಒಂದು ಸಾಲಿಗೆ ನನ್ನ ಪ್ರಾಣ ಹೋಗಬಹುದಿತ್ತು ಎಂಬುದು ಗೊತ್ತಾದದ್ದು ಆಮೇಲೆ.

ಗಾಡಿ ಮನೆಗೆ ಬಂದಿತು, ಹೊಳೆಯಿತು, ಫೋಟೋ ತೆಗೆಸಿಕೊಂಡೆ. ಆದರೆ ಹಿಮಾಯತ್‌ನಗರದ ಕಡೆ ತಿರುಗುವಾಗ ಎಡ ಮುಂಭಾಗದಿಂದ ಹಳೆಯ ಬಾಗಿಲು ತೆರೆದ ಹಾಗೆ ಕಿರ್ ಎಂದಿತು. ನಮ್ಮ ಗಲ್ಲಿಯ ಕೊನೆಯಲ್ಲಿ ಒಂದು ತಗಡಿನ ಶೆಡ್ಡಿದೆ, ಬೋರ್ಡಿಲ್ಲ. ಅಲ್ಲಿಯ ಉಸ್ತಾದರು ಹುಮನಾಬಾದಿನ ಕಡೆಯವರು, ಹುಡುಗನಾಗಿದ್ದಾಗ ಇಲ್ಲಿಗೆ ಬಂದವರು. ಗಿರಾಕಿಯ ಜೊತೆ ದಖ್ಖನಿ, ರಿಕ್ಷಾದವರ ಜೊತೆ ತೆಲುಗು, ನನ್ನ ಜೊತೆ ಬೀದರ ಕನ್ನಡ. ಅವರು ಗಾಡಿಯ ಸುತ್ತ ಒಂದು ಸುತ್ತು ಬಂದು, ಬಣ್ಣದ ಬಗ್ಗೆ ಒಂದು ಮಾತೂ ಆಡದೆ, ಮುಂದಿನ ಮಡ್‌ಗಾರ್ಡಿನ ಮೇಲೆ ಎರಡೂ ಕೈ ಊರಿ ಒತ್ತಿದರು. ಕಾರು ಕೆಳಗೆ ಹೋಗಿ ಅಲ್ಲೇ ಸ್ವಲ್ಪ ನಿಂತು ಆಮೇಲೆ ಎದ್ದಿತು.

"ಸಾಹೇಬ್ರ, ಇದರ ಮೊಣಕಾಲ ಜಾಮ್ ಆಗ್ಯಾವ್ರೀ. ಎಣ್ಣಿ ಹಾಕಿದ್ರೇನು, ಗ್ರೀಸಾ?"

ಗ್ರೀಸು ಎಂದೆ, ಹೆಮ್ಮೆಯಿಂದಲೇ. ಅವರು ತಲೆ ಕೊಡವಿದರು.

ಈ ಗ್ರೀಸಿನ ವಿಷಯವನ್ನು ಬಿಡಿಸಿ ಹೇಳಲೇಬೇಕು, ನನ್ನ ಜಗಳ ಇರುವುದೇ ಅಲ್ಲಿ. ಹೆರಾಲ್ಡಿನ ಮುಂದಿನ ಚಕ್ರವನ್ನು ಹಿಡಿದಿರುವ ಉಕ್ಕಿನ ಕಂಬ ಒಂದಿದೆ. ಅದರ ಮೇಲ್ತುದಿಗೆ ಬಾಲ್ ಜಾಯಿಂಟು. ಕೆಳತುದಿಗೆ ಥ್ರೆಡ್ಡು ಕೊರೆದಿದ್ದಾರೆ, ಅದು ಟ್ರನಿಯನ್ ಎಂಬ ಕಂಚಿನ ತುಂಡಿನೊಳಗೆ ತಿರುಪಿನ ಹಾಗೆ ಕೂತಿದೆ. ಎಡಗಡೆಯದಕ್ಕೂ ಬಲಗಡೆಯದಕ್ಕೂ ಥ್ರೆಡ್ಡು ಒಂದಕ್ಕೊಂದು ಉಲ್ಟಾ. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಕಂಬ ಆ ಕಂಚಿನೊಳಗೆ ತಿರುಗುತ್ತದೆ, ಆ ಚಕ್ರದ ಮೇಲಿನ ಭಾರವೂ ಅಲ್ಲೇ ಹಾದು ಹೋಗುತ್ತದೆ. ತಯಾರಿಸಿದವರು ಇದಕ್ಕೆ ಗ್ರೀಸು ಹಾಕಬೇಡಿ, 90 ನಂಬರಿನ ಗೇರ್ ಆಯಿಲ್ ಹಾಕಿ ಎಂದು ಕೈಪಿಡಿಯಲ್ಲೇ ಹೇಳಿದ್ದಾರೆ. ಕಾರಣ ಸರಳ. ಎಣ್ಣೆ ಥ್ರೆಡ್ಡಿನ ಸಂದಿ ಹಿಡಿದು ಕೆಳಗಿನ ತನಕ ಇಳಿಯುತ್ತದೆ. ಗ್ರೀಸು ಮೇಲೆಯೇ ಗಟ್ಟಿಯಾಗಿ ಕೂತು ದಾರಿ ಮುಚ್ಚುತ್ತದೆ. ಕೆಳಗೆ ಮಳೆಯ ನೀರು ನಿಲ್ಲುತ್ತದೆ, ಥ್ರೆಡ್ಡು ತುಕ್ಕು ತಿನ್ನುತ್ತದೆ, ಒಂದು ದಿನ ತಿರುವಿನಲ್ಲಿ ಕಂಬ ಕತ್ತರಿಸಿ ಚಕ್ರ ಒಳಕ್ಕೆ ಮಡಚಿ ಕಾರು ಮೂಗು ಊರುತ್ತದೆ. ಇದು ನನ್ನ ಕಲ್ಪನೆಯಲ್ಲ. ಇದೇ ಟ್ರನಿಯನ್ ಇರುವ ಸ್ಪಿಟ್‌ಫೈರ್, ವಿಟೆಸ್ ಗಾಡಿಗಳನ್ನು ಇಟ್ಟುಕೊಂಡವರೆಲ್ಲ ಇಂಗ್ಲೆಂಡಿನಲ್ಲಿ ಹೆದರುವುದು ಇದಕ್ಕೇ. ನಮ್ಮಲ್ಲಿ ಗ್ಯಾರೇಜಿನವರು ಗ್ರೀಸ್ ಗನ್ ಹಿಡಿದು ನಿಪ್ಪಲ್ ಕಂಡಲ್ಲೆಲ್ಲ ಹೊಡೆಯುತ್ತಾರೆ. ಬಿಲ್ಲಿನಲ್ಲಿ ಅದು ಸೇವೆ ಎಂದು ಕಾಣುತ್ತದೆ.

ಬಿಚ್ಚಲು ಹೊರಟರೆ ಬೋಲ್ಟು ಬರಲಿಲ್ಲ. ಕಂಚಿನ ತುಂಡಿನ ಅಡ್ಡಕ್ಕೆ ಒಂದು ಬೋಲ್ಟು ಹಾದು ಹೋಗುತ್ತದೆ, ಕೆಳಗಿನ ವಿಷ್‌ಬೋನಿನ ಎರಡು ತುದಿಯನ್ನು ಹಿಡಿಯುವುದು ಅದು. ಬೋಲ್ಟಿನ ಸುತ್ತ ಉಕ್ಕಿನ ಕೊಳವೆ, ಅದರ ಸುತ್ತ ಬುಷ್. ವಿಷ್‌ಬೋನಿನ ಇನ್ನೊಂದು ತುದಿ ಚಾಸಿಗೆ ಸೇರುವಲ್ಲೂ ಇದೇ ಕಥೆ, ಅಲ್ಲಿ ಬುಷ್ ರಬ್ಬರಿನದು. ಶಾಕ್ ಅಬ್ಸಾರ್ಬರಿನ ಕೆಳಕಣ್ಣಿನಲ್ಲೂ ಅದೇ. ಉಕ್ಕಿನೊಳಗೆ ಉಕ್ಕು, ನಡುವೆ ಕೂದಲೆಳೆಯ ಸಂದಿ, ಐವತ್ತು ಮಳೆಗಾಲ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಸಂದಿಯಲ್ಲಿ ಜಾಗವಿಲ್ಲ, ಹಾಗಾಗಿ ಅದು ಒತ್ತಿಕೊಂಡು ಕೂರುತ್ತದೆ. ಕೊನೆಗೆ ಬೋಲ್ಟೂ ಕೊಳವೆಯೂ ಒಂದೇ ತುಂಡು. ನಟ್ಟು ಸುಲಭವಾಗಿ ಬಿಚ್ಚಿತು, ಅದೇ ಮೋಸ. ಪಾನಾ ಹಾಕಿ ಬೋಲ್ಟು ತಿರುಗಿಸಿದರೆ ಅದು ತಿರುಗುತ್ತದೆ ಕೂಡ. ಬಿಟ್ಟಿತು ಅಂದುಕೊಳ್ಳುತ್ತೀರಿ. ತಿರುಗುತ್ತಿರುವುದು ಬೋಲ್ಟಲ್ಲ, ಬೋಲ್ಟನ್ನು ಕಚ್ಚಿಕೊಂಡ ಕೊಳವೆ, ರಬ್ಬರನ್ನು ತಿರುಚುತ್ತ.

ಉಸ್ತಾದರು ಆವತ್ತು ಒಂದೂ ಏಟು ಹಾಕಲಿಲ್ಲ. ತಂತಿಯ ಬ್ರಷ್ಷಿನಿಂದ ಬೋಲ್ಟಿನ ತಲೆಯ ಸುತ್ತ ಉಜ್ಜಿದರು, ಪೆನೆಟ್ರೇಟಿಂಗ್ ಆಯಿಲ್ ಹಾಕಿದರು, ಹಳೆಯ ಬಟ್ಟೆಯನ್ನು ಅದರಲ್ಲೇ ನೆನೆಸಿ ಸುತ್ತಿದರು, ನಾಳೆ ಬರ್ರಿ ಎಂದರು. ಮರುದಿನವೂ ಅದೇ. ಮೂರನೆಯ ದಿನ ನಟ್ಟನ್ನು ತಿರುಗಿ ಬೋಲ್ಟಿನ ತುದಿಗೆ ಸಮನಾಗುವಷ್ಟು ಹಾಕಿ, ಅದರ ಮೇಲೆ ಹಿತ್ತಾಳೆಯ ತುಂಡು ಇಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ನಟ್ಟು ಯಾಕೆಂದರೆ ಬರಿ ಬೋಲ್ಟಿನ ತುದಿಗೆ ಹೊಡೆದರೆ ಅದು ಅಣಬೆಯ ಹಾಗೆ ಅರಳುತ್ತದೆ, ಆಮೇಲೆ ದೇವರೂ ಹೊರಗೆ ತೆಗೆಯಲಾರ. ಹಿತ್ತಾಳೆ ಯಾಕೆಂದರೆ ಅದು ಉಕ್ಕಿಗಿಂತ ಮೆತ್ತಗೆ, ಏಟನ್ನು ಒಯ್ಯುತ್ತದೆ, ಗಾಯ ಮಾಡುವುದಿಲ್ಲ. ಬಲಗಡೆಯ ಎರಡು ಬೋಲ್ಟು ಹೀಗೇ ಬಂದವು. ಎಡಗಡೆಯದು ಜಗ್ಗಲಿಲ್ಲ.

ಇಲ್ಲಿ ನಾನು ಬಾಯಿ ಹಾಕಿದೆ. ಯೂಟ್ಯೂಬಿನಲ್ಲಿ ನೋಡಿದ್ದೆನಲ್ಲ! "ಉಸ್ತಾದ್, ಗ್ಯಾಸಿನಲ್ಲಿ ಕಾಯಿಸಿಬಿಡಿ, ಹತ್ತು ನಿಮಿಷದ ಕೆಲಸ."

"ಕಾಯಿಸಿದ್ರ ರಬ್ಬರ್ ಉರೀತದ, ನಾವು ಆ ಹೊಗಿ ಕುಡೀಬೇಕು. ಮ್ಯಾಲ ಎಣ್ಣಿ ಬ್ಯಾರೆ ಕುಡಿಸೀವಿ. ನೀವು ಫೋಟೋ ತಗೀತೀರಿ, ಮಾರಿ ಸುಡೂದು ನಂದು."

ಬೆಂಕಿಗೆ ನಾನು ಪೂರ್ತಿ ವಿರೋಧಿಯಲ್ಲ, ಅದರ ಲೆಕ್ಕ ಹೇಳುತ್ತೇನೆ. ಉಕ್ಕು ಒಂದು ಡಿಗ್ರಿಗೆ ತನ್ನ ಉದ್ದದ ದಶಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. 20 ಮಿಲಿಮೀಟರಿನ ತೂತನ್ನು 300 ಡಿಗ್ರಿ ಕಾಯಿಸಿದರೆ ಸಿಕ್ಕುವುದು 0.07 ಮಿಲಿಮೀಟರು. ತುಕ್ಕಿನ ಕಚ್ಚು ಬಿಡಿಸಲು ಕೆಲವೊಮ್ಮೆ ಅಷ್ಟು ಸಾಕು, ಆದರೆ ಹೊರಗಿನದು ಮಾತ್ರ ಬಿಸಿಯಾಗಿ ಒಳಗಿನದು ತಣ್ಣಗಿದ್ದರೆ ಮಾತ್ರ. ಸುತ್ತ ರಬ್ಬರು ಸುತ್ತಿರುವ ಕೊಳವೆಯ ಹೊರಮೈಗೆ ಬೆಂಕಿ ತಲುಪುವುದೇ ಇಲ್ಲ, ಬೋಲ್ಟೂ ಕೊಳವೆಯೂ ಒಟ್ಟಿಗೆ ಹಿಗ್ಗುತ್ತವೆ, ಕಚ್ಚು ಹಾಗೇ ಉಳಿಯುತ್ತದೆ. ಎಕ್ಸಾಸ್ಟಿನ ನಟ್ಟಿಗೆ ಬೆಂಕಿ ಸರಿ, ಬುಷ್ಷಿನ ಬೋಲ್ಟಿಗೆ ತಪ್ಪು. ಈ ವ್ಯತ್ಯಾಸ ಹತ್ತು ನಿಮಿಷದ ವಿಡಿಯೋದಲ್ಲಿ ಇರುವುದಿಲ್ಲ, ಮೂವತ್ತು ವರ್ಷದ ಕೈಯಲ್ಲಿರುತ್ತದೆ.

ಉಸ್ತಾದರು ಕೊನೆಗೆ ಮಾಡಿದ್ದು ಬೋಲ್ಟನ್ನೇ ಬಲಿ ಕೊಟ್ಟದ್ದು. ಹ್ಯಾಕ್ಸಾ ಬ್ಲೇಡನ್ನು ಹಿಡಿಯಿಂದ ಬಿಚ್ಚಿ, ಒಂದು ತುದಿಗೆ ಬಟ್ಟೆ ಸುತ್ತಿ, ವಿಷ್‌ಬೋನಿಗೂ ಟ್ರನಿಯನ್ನಿಗೂ ನಡುವಿನ ಸಂದಿಯಲ್ಲಿ ತೂರಿಸಿ, ಬರಿಗೈಯಲ್ಲಿ ಕೊಯ್ದರು. ಒಂದು ಕಡೆಗೆ ಒಂದೂವರೆ ಗಂಟೆ, ಇನ್ನೊಂದು ಕಡೆಗೆ ಅದಕ್ಕಿಂತ ಹೆಚ್ಚು. ಐದು ಬ್ಲೇಡು. ಅಂಗಾತ ಮಲಗಿ, ತುಕ್ಕಿನ ಪುಡಿ ಕಣ್ಣಿಗೆ ಬೀಳದ ಹಾಗೆ ಮುಖ ಓರೆ ಮಾಡಿಕೊಂಡು. ಬೋಲ್ಟು ಹೋದರೆ ಹೋಗಲಿ, ಹೊಸದು ಸಿಗುತ್ತದೆ, ವಿಷ್‌ಬೋನು ಬಾಗಿದರೆ ಎಲ್ಲಿಂದ ತರುತ್ತೀರಿ ಎಂಬುದು ಅವರ ಲೆಕ್ಕ. ಗ್ಯಾಸ್ ಕಟ್ಟರಿನವನಿಗೆ ಈ ಲೆಕ್ಕವಿಲ್ಲ. ಅವನು ಐದು ನಿಮಿಷದಲ್ಲಿ ಬೋಲ್ಟು, ಬುಷ್, ವಿಷ್‌ಬೋನಿನ ತುದಿ ಎಲ್ಲವನ್ನೂ ಕಡಿದು, ಆಮೇಲೆ ತುದಿಗೆ ಪಟ್ಟಿ ಇಟ್ಟು ವೆಲ್ಡ್ ಮಾಡಿ, ಕಪ್ಪು ಬಣ್ಣ ಬಳಿದು ಕೊಡುತ್ತಾನೆ. ಮೇಲಿನಿಂದ ಕಾಣುವುದಿಲ್ಲ.

ಬಿಚ್ಚಿ ನೋಡಿದಾಗ ಎಡಗಡೆಯ ಕಂಬದ ಥ್ರೆಡ್ಡು ಹೇಗಿತ್ತೆಂದರೆ ಗೆದ್ದಲು ತಿಂದ ಬಾಗಿಲ ಚೌಕಟ್ಟಿನ ಹಾಗೆ. ಮೇಲುಗಡೆ ಹೊಸ ಗ್ರೀಸು, ಹಳದಿ, ಬೆಣ್ಣೆಯಂತೆ. ಕೆಳಗೆ ಒಣ ಕೆಂಪು ಪುಡಿ. ಆ ಗಾಜಿನ ಕೋಣೆಯವರು ಒಂದು ಲಕ್ಷದ ಹತ್ತು ಸಾವಿರ ತೆಗೆದುಕೊಂಡು ನನ್ನನ್ನು ಈ ಚಕ್ರದ ಮೇಲೆ ರಸ್ತೆಗೆ ಬಿಟ್ಟಿದ್ದರು. ಮುಂದಿನ ವಾರ ಮಗಳನ್ನೂ ಕೂರಿಸಿಕೊಂಡು ಜಹೀರಾಬಾದ್ ದಾರಿ ಹಿಡಿದು ಬೀದರಿಗೆ ಹೋಗುವುದೆಂದು ಮಾತಾಗಿತ್ತು.

ಇನ್ನು ನನ್ನ ಸ್ವಂತ ಅವಮಾನದ ಭಾಗ. ಉಸ್ತಾದರು ನಾಲ್ಕು ಬೋಲ್ಟು ಬಿಡಿಸಿದ್ದಕ್ಕೆ, ಎಣ್ಣೆಯ ದಿನ ಬಿಟ್ಟು, ಮೈಮುರಿದು ದುಡಿದ ಎರಡು ದಿನಕ್ಕೆ, ನಾಲ್ಕೂವರೆ ಸಾವಿರ ಕೇಳಿದರು. ನನ್ನ ಬಾಯಿಂದ ಬಂದ ಮಾತು: "ನಾಲ್ಕು ಬೋಲ್ಟಿಗಾ? ಐನೂರರ ಹಾಗೆ ಎರಡು ಸಾವಿರ ಮಾಡಿಕೊಳ್ಳಿ." ಅವರು ಜಗಳ ಆಡಲಿಲ್ಲ. ಕೊಯ್ದ ಬೋಲ್ಟಿನ ಮೂರು ತುಂಡನ್ನು ನನ್ನ ಅಂಗೈಯಲ್ಲಿ ಇಟ್ಟು, ತೂಕಕ್ಕ ಹಾಕಿ ಕೊಡ್ರಿ ಹಂಗಾರ, ಎಂದರು.

ನಾನು ಜೀವನ ಮಾಡುವುದು ಏನು ಮಾಡಿ? ಪರರು ಬರೆದ ಹಳೆಯ ಸಾಫ್ಟ್‌ವೇರಿನಲ್ಲಿ ಯಾವುದೋ ಒಂದು ಕಡೆ ಸಿಕ್ಕಿಕೊಂಡದ್ದನ್ನು ಬಿಡಿಸುವ ಕೆಲಸ. ಮೂರು ದಿನ ನೋಡಿ ಕೊನೆಗೆ ಒಂದು ಸಾಲು ತಿದ್ದುತ್ತೇನೆ. ಕಂಪನಿ ಗಿರಾಕಿಗೆ ಮೂರು ದಿನದ ಬಿಲ್ಲು ಕಳಿಸುತ್ತದೆ, ಒಂದು ಸಾಲಿನದಲ್ಲ. ಗಿರಾಕಿಯೂ ಕೇಳುವುದಿಲ್ಲ. ಇದನ್ನು ಓದುತ್ತಿರುವ ನಿಮ್ಮಲ್ಲಿ ಅರ್ಧ ಜನರ ಮನೆ ಬಾಡಿಗೆ ಹುಟ್ಟುವುದು ಇದೇ ಲೆಕ್ಕದಿಂದ. ನಮ್ಮ ತಲೆ ಸಿಕ್ಕಿಕೊಂಡ ಗಂಟೆಗೆ ದುಡ್ಡು, ಉಸ್ತಾದರ ಮೈ ಸಿಕ್ಕಿಕೊಂಡ ಗಂಟೆಗೆ ತುಂಡಿನ ಲೆಕ್ಕ. ಯಾಕೆ? ನಾವು ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಹೆಸರಿದೆ ಅಂತಲೇ?

ಇದಕ್ಕೆ ನನ್ನ ಗೆಳೆಯರು ಕೊಟ್ಟ ಉತ್ತರಗಳನ್ನು ಮರೆಮಾಚುವುದಿಲ್ಲ, ಕೆಲವು ಗಟ್ಟಿ ಇವೆ. ಒಬ್ಬ ಹೇಳಿದ: ಗಿರಾಕಿಗೆ ಬೇಕಾದ್ದು ಬಿಟ್ಟ ಬೋಲ್ಟು, ಶ್ರಮವಲ್ಲ, ಸೋತ ದಿನಕ್ಕೂ ದುಡ್ಡು ಕೊಟ್ಟರೆ ಯಾರು ಬೇಗ ಮಾಡುತ್ತಾರೆ? ಮೇಲ್ನೋಟಕ್ಕೆ ನ್ಯಾಯವೇ. ಆದರೆ ತುಂಡಿಗೆ ಇಷ್ಟು ಎಂದು ಗೊತ್ತು ಮಾಡಿದ ತಕ್ಷಣ ಗ್ಯಾಸ್ ಕಟ್ಟರಿನವನು ಗೆಲ್ಲುತ್ತಾನೆ. ಐದು ನಿಮಿಷಕ್ಕೂ ಐನೂರು, ಎರಡು ದಿನಕ್ಕೂ ಐನೂರು ಎಂದರೆ ಮೂರು ದಿನ ಎಣ್ಣೆ ಕುಡಿಸುವ ಮೂರ್ಖ ಯಾರು? ಬಡ ಕೂಲಿ ಕೊಟ್ಟು ಕೆಟ್ಟ ಕೆಲಸವನ್ನು ನಾವೇ ಕರೆದು ತರುತ್ತೇವೆ, ಆಮೇಲೆ 'ಲೋಕಲ್ ಮೆಕ್ಯಾನಿಕ್ಕುಗಳು ಹೀಗೇ' ಎನ್ನುತ್ತೇವೆ.

ಇನ್ನೊಬ್ಬಳು ಹೇಳಿದಳು: ಹಳೆಯ ಕಾರು ನೋಡಲಿಕ್ಕೆ, ಓಡಿಸಲಿಕ್ಕಲ್ಲ, ಸುಮ್ಮನೆ ಬಣ್ಣ ಹೊಡೆದು ನಿಲ್ಲಿಸು. ನಿಲ್ಲಿಸುವವರ ಬಗ್ಗೆ ನನಗೆ ಗೌರವ ಇದೆ. ಧರ್ಮಸ್ಥಳದ ಕಾರುಗಳನ್ನು ನೋಡಿ ಬೆಳೆದವರು ನಾವು. ಈ ಊರಿನ ಚೌಮೊಹಲ್ಲಾ ಅರಮನೆಯಲ್ಲಿ ನಿಜಾಮರ ಹಳದಿ ರೋಲ್ಸ್ ರಾಯ್ಸಿನ ಮುಂದೆ ಮಗಳ ಜೊತೆ ಅರ್ಧ ಗಂಟೆ ನಿಂತಿದ್ದೇನೆ. ಆದರೆ ವಸ್ತುಸಂಗ್ರಹಾಲಯಕ್ಕೆ ಒಂದು ರೋಲ್ಸ್ ರಾಯ್ಸ್ ಸಾಕು. ದಾವಣಗೆರೆಯ ಹೆರಾಲ್ಡು ರೋಲ್ಸ್ ರಾಯ್ಸಲ್ಲ. ಅದು ಓಡಾಡಲು ಹುಟ್ಟಿದ ಗಾಡಿ. ಓಡದಿದ್ದರೆ ಅದರಲ್ಲಿ ನೋಡುವಂಥದ್ದು ಬಹಳವಿಲ್ಲ.

ಸರ್ಕಾರವೂ ಅವಳ ಕಡೆಗೇ ಇದೆ, ಅದನ್ನೂ ಹೇಳಬೇಕು. 2021ರ ಜುಲೈಯಲ್ಲಿ ಕೇಂದ್ರದ ಸಾರಿಗೆ ಇಲಾಖೆ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗೆ ಈ ಮರ್ಯಾದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ನಂಬರಿನಲ್ಲಿ 'ವಿಎ' ಅಕ್ಷರ. ಹೀಗೆ ನೋಂದಾಯಿಸಿದ ಗಾಡಿ ಪ್ರದರ್ಶನಕ್ಕೆ, ರ‍್ಯಾಲಿಗೆ, ಸಂಶೋಧನೆಗೆ, ಪೆಟ್ರೋಲು ಹಾಕಿಸಲು, ರಿಪೇರಿಗೆ ರಸ್ತೆಗೆ ಬರಬಹುದು. ದಿನನಿತ್ಯದ ಓಡಾಟಕ್ಕೆ ಇಲ್ಲ. ಹಳೆಯ ಗಾಡಿಗಳಿಗೂ ಒಂದು ಗುರುತು ಸಿಕ್ಕಿತು ಎಂದು ಕಾರು ಪ್ರಿಯರು ಸಂತೋಷಪಟ್ಟರು, ಆ ಸಂತೋಷ ಸುಳ್ಳಲ್ಲ. ನನ್ನ ತಕರಾರು ಬೇರೆ. ಈ ನಿಯಮದ ಕಣ್ಣೆಲ್ಲ ರೂಪದ ಮೇಲೆ: ಚಾಸಿ ಬದಲಾಗಿದೆಯೇ, ಬಾಡಿ ಬದಲಾಗಿದೆಯೇ, ಎಂಜಿನ್ ಅದೇ ಇದೆಯೇ. ಮೊಣಕಾಲು ಮಡಚುತ್ತದೆಯೇ ಎಂಬುದು ರೂಪದ ಪ್ರಶ್ನೆಯಲ್ಲವಲ್ಲ. ಓಡಾಟ ಕಡಿಮೆಯಾದಷ್ಟೂ ಬುಷ್ಷು ಜಾಮ್ ಆಗುವುದು ಹೆಚ್ಚು. ದಿನಾ ಓಡುವ ಗಾಡಿಗೆ ದಿನಾ ಎಣ್ಣೆ ಹಾಕುತ್ತಾರೆ, ವರ್ಷಕ್ಕೊಂದು ರ‍್ಯಾಲಿಯ ಗಾಡಿಗೆ ರ‍್ಯಾಲಿಯ ಹಿಂದಿನ ದಿನ ಪಾಲಿಷ್ ಹಾಕುತ್ತಾರೆ.

ಅಂಬಾಸಿಡರನ್ನೇ ನೋಡಿ. 2014ರಲ್ಲಿ ಉತ್ತರಪಾರದಲ್ಲಿ ತಯಾರಿ ನಿಂತಿತು. 2017ರಲ್ಲಿ ಆ ಹೆಸರೊಂದನ್ನೇ ಫ್ರಾನ್ಸಿನ ಪೆಜೊ ಕಂಪನಿಗೆ 80 ಕೋಟಿಗೆ ಮಾರಿದರು. ಬರೀ ಹೆಸರು! ಅದರ ಮುಂದಿನ ಟಾರ್ಶನ್ ಬಾರನ್ನು ಬಿಚ್ಚಿ ಎತ್ತರ ಸರಿಮಾಡಬಲ್ಲ ಕೈಗಳು ಹೈದರಾಬಾದಿನಲ್ಲಿ ಎಷ್ಟು ಉಳಿದಿವೆ, ಅವುಗಳಿಗೆ ದಿನಕ್ಕೆ ಎಷ್ಟು ಸಿಗುತ್ತದೆ ಎಂದು ಲೆಕ್ಕ ಇಟ್ಟವರಿಲ್ಲ. ನೆನಪಿಗೆ ಮಾರುಕಟ್ಟೆ ಇದೆ, ಕೈಗೆ ಇಲ್ಲ. ನಮ್ಮ ಪ್ರಬಂಧಗಳೂ ಆ ಮಾರುಕಟ್ಟೆಯ ಒಂದು ಸಣ್ಣ ಅಂಗಡಿಯೇ.

ಮೂರನೆಯ ವಾದ ಎಲ್ಲಕ್ಕಿಂತ ಕಠಿಣ. ಉಸ್ತಾದರ ಕಿರಿ ಮಗನದೇ ಅದು. ಬಿಕಾಂ ಓದುತ್ತಿದ್ದಾನೆ. "ಅಣ್ಣ, ನೀವು ನಾಲ್ಕೂವರೆ ಸಾವಿರ ಕೊಟ್ಟರೂ ನಾನು ಅದರಡಿ ಮಲಗಂಗಿಲ್ಲ. ನಿಮ್ಮ ಮಗಳನ್ನ ಮಲಗಸ್ತೀರೇನು?" ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಕೈಗೆ ಬೆಲೆ ಬಂದರೆ ಹುಡುಗರು ಬರುತ್ತಾರೆ ಎಂದು ಹೇಳುವುದು ಸುಲಭ. ನಾನು ಊರು ಬಿಟ್ಟದ್ದು ಕೈ ಕೆಲಸ ತಪ್ಪಿಸಿಕೊಳ್ಳಲೆಂದೇ. ಆದರೆ ಅವನ ಮಾತಿನಿಂದ ಅವರಪ್ಪನ ಕೂಲಿ ಕಡಿಮೆಯಾಗಬೇಕಿಲ್ಲ. ಕೊನೆಯವರಾದರೆ ಇನ್ನೂ ಹೆಚ್ಚಾಗಬೇಕು.

ನಾಲ್ಕೂವರೆ ಸಾವಿರ ಕೊಟ್ಟೆ. ಕ್ಷಮೆಯನ್ನೂ ಕೇಳಿದೆ, ಅವರು ಅದಕ್ಕೆ ಚಹಾ ತರಿಸಿದರು. ಕೆಲಸ ಮುಂದುವರಿಯಿತು, ಅದರ ವಿವರ ಹಳೆಯ ಗಾಡಿ ಇಟ್ಟುಕೊಂಡವರಿಗೆ ಬೇಕಾಗುತ್ತದೆ ಅಂತ ಬರೆಯುತ್ತೇನೆ. ಹೊಸ ಕಂಬ, ಟ್ರನಿಯನ್, ಬುಷ್ಷುಗಳನ್ನು ಇಂಗ್ಲೆಂಡಿನಿಂದ ತರಿಸಿದೆ. ಸ್ಪಿಟ್‌ಫೈರಿಗೂ ಇದೇ ಬಳಗದ ಸಾಮಾನು, ಲೋಟಸ್ ಇಲಾನಿಗೂ ಟ್ರಯಂಫಿನದೇ ಕಂಬ, ಹಾಗಾಗಿ ಅಲ್ಲಿ ಇನ್ನೂ ಮಾಡುತ್ತಾರೆ. ಬೋಲ್ಟುಗಳಿಗಾಗಿ ಮಾತ್ರ ರಾಣಿಗಂಜಿನ ಅಂಗಡಿಗಳನ್ನು ಸುತ್ತಿದೆ. ಇದು ಇಂಚಿನ ಲೆಕ್ಕದ ಯುಎನ್‌ಎಫ್ ಥ್ರೆಡ್ಡು, ಅಂಗಡಿಯವರು ಕೊಡುವುದು ಮಿಲಿಮೀಟರಿನದು, 'ಹೋಗುತ್ತೆ ಸಾರ್, ಸ್ವಲ್ಪ ಬಿಗಿ ಇರುತ್ತೆ ಅಷ್ಟೇ' ಎನ್ನುತ್ತಾರೆ. ಹೋಗುವುದಿಲ್ಲ, ಕಚ್ಚುತ್ತದೆ. ಲೇತಿನಲ್ಲಿ ಸಾದಾ ರಾಡು ಕಡಿದು ಮಾಡಿಕೊಡುತ್ತೇನೆ ಎಂದವರೂ ಇದ್ದರು. ಸಸ್ಪೆನ್ಷನ್ನಿನ ಬೋಲ್ಟು ಹೈ ಟೆನ್ಸೈಲ್ ಆಗಿರಬೇಕು, ಸಾದಾ ರಾಡಿನದು ಗೇಟಿಗೆ ಸರಿ. ಎಂಟನೆಯ ಅಂಗಡಿಯಲ್ಲಿ ಒಬ್ಬ ಮುದುಕರು ಡಬ್ಬಿಯೊಂದರ ತಳದಿಂದ ಆರು ಬೋಲ್ಟು ತೆಗೆದು ಕೊಟ್ಟರು, ತಲೆಯ ಮೇಲಿನ ಗುರುತು ತೋರಿಸಿ.

ಸ್ಪ್ರಿಂಗನ್ನು ಶಾಕಿನ ಜೊತೆ ಒಟ್ಟಿಗೇ ಇಳಿಸಬಹುದು, ಆದರೆ ನೆತ್ತಿಯ ನಡುವಿನ ನಟ್ಟನ್ನು ಕಂಪ್ರೆಸರ್ ಹಾಕದೆ ಮುಟ್ಟಬೇಡಿ. ಸ್ಪ್ರಿಂಗು ಅಲ್ಲಿ ಅದುಮಿಟ್ಟಂತೆ ಕೂತಿದೆ, ಬಿಟ್ಟರೆ ದವಡೆ ಹೋಗುತ್ತದೆ. ಗಾಡಿಯ ಕೆಳಗೆ ಹೋಗುವಾಗ ಇಟ್ಟಿಗೆ ಬೇಡ, ಸ್ಟ್ಯಾಂಡು ಇಡಿ. (ಹದಿನೈದು ವರ್ಷ ನನ್ನ ಕಾರು ನಾಲ್ಕು ಇಟ್ಟಿಗೆಯ ಮೇಲೆ ನಿಂತಿತ್ತು. ನಾವು ಹುಡುಗರು ಅದರಡಿ ಚೆಂಡು ಹುಡುಕುತ್ತಿದ್ದೆವು. ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ.) ಹೊಸ ಬೋಲ್ಟಿಗೆ ಉಸ್ತಾದರು ತಾಮ್ರದ ಪುಡಿ ಬೆರೆತ ಪೇಸ್ಟು ಬಳಿದರು. ಮುಂದೆ ಬಿಚ್ಚುವವನಿಗೆ ಅನುಕೂಲವಾಗಲಿ ಎಂದು. ಆ ಮುಂದೆ ಬಿಚ್ಚುವವನು ಯಾರು ಎಂದು ನಾನು ಕೇಳಲಿಲ್ಲ.

ರಬ್ಬರು ಬುಷ್ಷಿನ ಬೋಲ್ಟುಗಳನ್ನು ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಅವರು ಬಿಗಿ ಮಾಡಲಿಲ್ಲ. ಬರೀ ಕೈಬಿಗಿ. ಗಾಡಿ ನೆಲಕ್ಕಿಳಿದ ಮೇಲೆ ನನ್ನನ್ನೂ ಮಗಳನ್ನೂ ಸೀಟಿನಲ್ಲಿ ಕೂರಿಸಿದರು. "ಗಾಡಿ ತನ್ನ ಕಾಲ ಮ್ಯಾಲ ನಿಂತಾಗಲೇ ಬಿಗೀಬೇಕ್ರೀ. ಇಲ್ಲಂದ್ರ ರಬ್ಬರು ತಿರುಚಿಕೊಂಡೇ ಇರ್ತದ, ವರ್ಷದಾಗ ಹರೀತದ." ಈ ಒಂದು ಕ್ರಮ ಕೈಪಿಡಿಯಲ್ಲೂ ಇದೆ. ಉಸ್ತಾದರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಗಾಜಿನ ಕೋಣೆಯವರಿಗೆ ಬರುತ್ತಿತ್ತು.

ಈಗ ಗಾಡಿ ಓಡುತ್ತದೆ, ಬರ್ಕತ್‌ಪುರದ ತಿರುವಿನಲ್ಲಿ ಸದ್ದಿಲ್ಲ. ಸ್ಟೇರಿಂಗು ತಾನಾಗಿ ನೇರಕ್ಕೆ ಬರುತ್ತದೆ. ಮೊದಲು ಅದು ಹಾಗೆ ಬರುತ್ತಿರಲಿಲ್ಲ ಎಂಬುದೇ ನನಗೆ ಹೊಳೆದಿರಲಿಲ್ಲ. ಬಾಗಿಲ ಅಂಚಿನಲ್ಲಿ ಲಪ್ಪಂ ಆಗಲೇ ಬಿರುಕು ಬಿಟ್ಟು ಬಣ್ಣ ಏಳುತ್ತಿದೆ. ಏಳಲಿ.

ಪತ್ರಿಕೆಯ ಸಂಪಾದಕರಲ್ಲಿ ಒಂದು ಬೇಡಿಕೆ. ಮುಂದಿನ ಸಲ 'ಅಪ್ಪನ ಕಾರು' ಪ್ರಬಂಧ ಬಂದರೆ ವಾಪಸ್ ಕಳಿಸಿ ಎಂದು ಹೇಳುವಷ್ಟು ನಾನು ಕ್ರೂರಿಯಲ್ಲ. ಎರಡು ಪ್ರಶ್ನೆ ಕೇಳಿ ಸಾಕು: ಆ ಕಾರಿಗೆ ಕೊನೆಯ ಸಲ ಎಣ್ಣೆ ಹಾಕಿದವರು ಯಾರು, ಅವರಿಗೆ ಎಷ್ಟು ಕೊಟ್ಟಿರಿ? ಉತ್ತರವಿದ್ದರೆ ಅದನ್ನೂ ಅಚ್ಚು ಹಾಕಿ. ಇಲ್ಲದಿದ್ದರೆ ಗಣಪತಿಯ ಬಗ್ಗೆ, ರೆಕ್ಸಿನ್ನಿನ ಬಗ್ಗೆ ಎಷ್ಟು ಸೊಗಸಾಗಿ ಬರೆದಿದ್ದರೂ ಸ್ವಲ್ಪ ಕಾಯಿಸಿ.

ಹಿಂದಿನ ಕೆಲಸ ಬಾಕಿಯಿದೆ. ಹೆರಾಲ್ಡಿನ ಹಿಂದೆ ಅಡ್ಡಕ್ಕೆ ಒಂದೇ ಕಮಾನು ಪಟ್ಟಿ, ಅದರ ಎಲೆಗಳೆಲ್ಲ ಅಂಟಿ ಒಂದಾಗಿವೆ. ಎರಡೂ ತುದಿಯಲ್ಲಿ ಚಕ್ರದ ಹತ್ತಿರ ಉದ್ದನೆಯ ಬೋಲ್ಟು, ಮುಂದಿನದರ ಎರಡರಷ್ಟು, ಕೊಯ್ಯಲು ಸಂದಿಯೂ ಸಣ್ಣದು. ಭಾನುವಾರ ಎಣ್ಣೆ ಹಾಕಿ ಬಟ್ಟೆ ಸುತ್ತಿ ಬಂದಿದ್ದೇವೆ, ಈ ಸಲ ನಾನೂ ಕೆಳಗೆ ಮಲಗಿದ್ದೆ. ಬಲಗಡೆಯದು ಬರಬಹುದು ಎನ್ನುತ್ತಾರೆ ಉಸ್ತಾದರು. ಎಡಗಡೆಯದಕ್ಕೆ ಒಂದು ಡಬ್ಬಿ ಬ್ಲೇಡು ತಂದಿಡಲು ಹೇಳಿದ್ದಾರೆ.